ಶಿಕ್ಷಕರು ಏಕೆ ನಿಲ್ಲುವುದಿಲ್ಲ?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದ ಫಲವು ಬಹುಕಾಲ ಉಳಿಯುವಂಥದು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಸಮಾಜ ಬಾಂಧವರೆಲ್ಲರೂ ಬಲ್ಲರು. ಆ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಕೊರೆದ ಲಿಪಿಕಾರರ ಊಟ, ವಸತಿಗಳ ಚಿಂತೆಯನ್ನೂ ಯಾರೋ ಹೊತ್ತಿದ್ದಿರಲೇಬೇಕು. ಜ್ಞಾನವು ದಾತೃವಿನ ಕೈಯಿಂದ ನೇರವಾಗಿ ಮಗುವಿನ ಬುದ್ಧಿಗೆ ಹೋಗುವುದಿಲ್ಲ. ನಡುವೆ ದುಡಿಯುವ ಒಬ್ಬ ಮನುಷ್ಯ ಬೇಕು. ಇಂದು ಶಾಸ್ತ್ರದಾನವು ಶಾಲೆಯ ರೂಪವನ್ನು ತಾಳಿರುವಾಗ, ಆ ನಡುವಿನ ಮನುಷ್ಯನ ವಿಚಾರವನ್ನು ಮಾಡುವುದು ಅವಶ್ಯವಾಗಿದೆ.

ಬೆಳಗಾವಿ ನಗರದಲ್ಲಾಗಲಿ ಖಾನಾಪುರದ ಕಡೆಗಾಗಲಿ, ಧಾರ್ಮಿಕ ಸಂಸ್ಥೆಯೊಂದು ನಡೆಯಿಸುವ ಚಿಕ್ಕ ಖಾಸಗಿ ಶಾಲೆಯ ಪಾಲಕರ ಸಭೆಯನ್ನು ಊಹಿಸಿಕೊಳ್ಳಬಹುದು. ಕಟ್ಟಡ ಚೆನ್ನಾಗಿದೆ, ಪ್ರಾರ್ಥನೆ, ಸಂಸ್ಕಾರಗಳೂ ಚೆನ್ನಾಗಿವೆ. ಆದರೆ ಒಬ್ಬ ತಾಯಿ ಎದ್ದು ನಿಂತು, “ದೀಪಾವಳಿ ಸೂಟಿ ಮುಗಿಸಿ ಹೋಗೂದ್ರಾಗ ಬ್ಯಾರೆ ಅಕ್ಕಾರು ಬಂದಿರ್ತಾರ, ಹುಡುಗಿ ಯಾರ ಮಾತು ಕೇಳಬೇಕ್ರಿ?” ಎಂದರೆ ಉತ್ತರ ಕೊಡುವುದು ಸುಲಭವಲ್ಲ. ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಮತ್ತೊಂದು, ಪುಸ್ತಕದಲ್ಲಿ ಮೂರನೆಯದು ಎಂಬಂತಿರುವ ಈ ಗಡಿಭಾಗದಲ್ಲಿ, ಮಗುವಿನ ಮಾತನ್ನು ಅರಿತು ಅಕ್ಷರ ಕಲಿಸಲು ಶಿಕ್ಷಕಿಗೆ ಅರ್ಧ ವರ್ಷವೇ ಬೇಕಾಗುತ್ತದೆ. ಅಷ್ಟರಲ್ಲಿ ಅವಳೇ ಹೊರಟುಹೋದರೆ ಮತ್ತೆ ಮೊದಲಿನಿಂದ ಆರಂಭ.

ಟ್ರಸ್ಟಿನವರ ಸಮಾಧಾನ ಸಾಮಾನ್ಯವಾಗಿ ಹೀಗಿರುತ್ತದೆ: ಈಗಿನವರಲ್ಲಿ ಸೇವಾಭಾವವಿಲ್ಲ, ಎರಡು ಸಾವಿರ ರೂಪಾಯಿ ಹೆಚ್ಚು ಸಿಕ್ಕರೆ ಹೊರಟುಬಿಡುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಸರ್ಕಾರಿ ನೌಕರಿ ದೊರೆತು ಹೋಗುವವರನ್ನು ಯಾವ ಶಾಲೆಯೂ ತಡೆಯಲಾರದು. ಅಂಥವರನ್ನು ಹರಸಿ ಕಳುಹಿಸಬೇಕು. ವರ್ಷದ ನಡುವೆ ಒಂದು ಮಾತನ್ನೂ ಹೇಳದೆ ತರಗತಿಯನ್ನು ಬಿಟ್ಟುಹೋಗುವ ಶಿಕ್ಷಕನು ಕೊಟ್ಟ ಮಾತಿಗೆ ತಪ್ಪಿದವನೇ ಸರಿ. ಆದರೆ ಒಂದೇ ಶಾಲೆಯಿಂದ ವರ್ಷ ವರ್ಷವೂ ಹಲವರು ಹೋಗುತ್ತಿದ್ದರೆ, ದೋಷವನ್ನು ಹೋದವರಲ್ಲಿಯೇ ಹುಡುಕುವುದು ನ್ಯಾಯವಲ್ಲ. ಅಂಗಡಿಯಲ್ಲಿ ಗುಮಾಸ್ತರು ಒಬ್ಬರ ಹಿಂದೊಬ್ಬರು ಬಿಟ್ಟುಹೋದರೆ, ವಿವೇಕಿಯಾದ ವರ್ತಕನು ಮೊದಲು ತನ್ನ ಗದ್ದುಗೆಯ ಕಡೆಗೇ ನೋಡಿಕೊಳ್ಳುತ್ತಾನೆ.

ಸೇವೆಯೆಂಬ ಶಬ್ದವನ್ನೇ ಮೊದಲು ಪರೀಕ್ಷಿಸಬೇಕು. ಪುಣೆಯಲ್ಲಿ 1884ರಲ್ಲಿ ಸ್ಥಾಪನೆಯಾದ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪ ವೇತನಕ್ಕೆ ದೀರ್ಘಕಾಲ ಕಲಿಸುವ ಸಂಕಲ್ಪ ಮಾಡಿದರು. ಬೆಳಗಾವಿಯಲ್ಲಿಯೇ 1916ರಲ್ಲಿ, ಸಪ್ತರ್ಷಿಗಳೆಂದು ಹೆಸರಾದ ಏಳು ಜನರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಈ ತ್ಯಾಗಗಳನ್ನು ಉದಾಹರಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅವರು ತಾವೇ ಕಟ್ಟಿದ ಸಂಸ್ಥೆಗೆ ತಾವಾಗಿಯೇ ದುಡಿದರು. ಅಷ್ಟಾಗಿಯೂ ಭಿನ್ನಾಭಿಪ್ರಾಯ ಬಂದಾಗ ಲೋಕಮಾನ್ಯ ತಿಲಕರು 1890ರಲ್ಲಿ ಪುಣೆಯ ಸಂಸ್ಥೆಯನ್ನು ಬಿಟ್ಟು ಹೊರಬಂದರು. ಇಂದಿನ ಶಿಕ್ಷಕಿಗಾದರೋ ಆಡಳಿತ ಮಂಡಳಿಯಲ್ಲಿ ಸ್ಥಾನವಿಲ್ಲ, ಲೆಕ್ಕಪತ್ರ ನೋಡುವ ಅಧಿಕಾರವಿಲ್ಲ. ತ್ಯಾಗವನ್ನು ಮಾತ್ರ ಅವಳಿಂದ ಕೇಳಲಾಗುತ್ತದೆ. ತಾನಾಗಿ ಕೊಟ್ಟದ್ದು ಸೇವೆ. ಕೊಡದಿರುವ ದಾರಿಯಿಲ್ಲದವರಿಂದ ಪಡೆದದ್ದನ್ನು ಸೇವೆಯೆಂದು ಕರೆಯುವುದು ಅಚೌರ್ಯಾಣುವ್ರತವನ್ನು ಧರಿಸಿದವರಿಗೆ ಶೋಭಿಸದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಬಂಧ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಮೂರು ಇಲ್ಲಿ ವಿಶೇಷವಾಗಿ ವಿಚಾರಾರ್ಹ. ಇವುಗಳನ್ನು ಓದುವಾಗ ಗೂಟಕ್ಕೆ ಕಟ್ಟಿದ ಎತ್ತು ಕಣ್ಣಮುಂದೆ ಬರುತ್ತದೆ. ಬಿಟ್ಟುಹೋಗದಿರಲೆಂದು ಶಿಕ್ಷಕರ ಮೂಲ ಅಂಕಪಟ್ಟಿಗಳನ್ನು ಸಂಸ್ಥೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದು ಬಂಧವಲ್ಲದೆ ಮತ್ತೇನು? ಪಾಠದ ಜೊತೆಗೆ ಬಸ್ಸಿನ ಮೇಲ್ವಿಚಾರಣೆ, ಶುಲ್ಕ ವಸೂಲಿ, ಉತ್ಸವದ ದಿನಗಳ ಕೆಲಸಗಳನ್ನೆಲ್ಲ ಒಬ್ಬರ ಮೇಲೆಯೇ ಹೇರುವುದು ಅತಿಭಾರಾರೋಪಣ. ಮಳೆಗಾಲದಲ್ಲಿ ತೊಯ್ಯುತ್ತ ಖಾನಾಪುರದಿಂದ ನಗರಕ್ಕೆ ಬಂದು ಹೋಗುವವಳಿಗೆ ತಿಂಗಳ ಪಗಾರವನ್ನು ಮುಂದಿನ ತಿಂಗಳ ಇಪ್ಪತ್ತನೆಯ ತಾರೀಖಿಗೆ ಕೊಡುವುದು ಅನ್ನಪಾನನಿರೋಧಕ್ಕೆ ತೀರ ಹತ್ತಿರದ್ದು. ರಾತ್ರಿಭೋಜನ ತ್ಯಾಗವನ್ನು ನಿಷ್ಠೆಯಿಂದ ಪಾಲಿಸುವ ಸಜ್ಜನರ ಕೈಯಿಂದಲೇ ಈ ಸೂಕ್ಷ್ಮ ಹಿಂಸೆ ನಡೆದುಹೋಗುವುದು ವಿಷಾದದ ಸಂಗತಿ.

ಲೆಕ್ಕದ ದೃಷ್ಟಿಯಿಂದಲೂ ನೋಡೋಣ. ಶಾಲೆಯ ಬೆಂಚು, ಕಪಾಟುಗಳಿಗೆ ಪ್ರತಿವರ್ಷವೂ ಸವಕಳಿ ಬರೆಯುತ್ತಾರೆ, ಏಕೆಂದರೆ ಅವು ಸವೆಯುತ್ತವೆ. ಶಿಕ್ಷಕಿಯ ಸವಕಳಿಗೆ ಖತಾವಣಿಯಲ್ಲಿ ಪುಟವಿಲ್ಲ. ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ ನೇಮಕ ಮಾಡಿ ಎರಡು ತಿಂಗಳ ವೇತನ ಉಳಿಸಿದಾಗ ಅದು ಉಳಿತಾಯದಂತೆ ಕಾಣುತ್ತದೆ. ಆ ಎರಡು ತಿಂಗಳಲ್ಲಿಯೇ ಆಕೆ ಬೇರೆ ಕೆಲಸ ಹುಡುಕಿಕೊಳ್ಳುತ್ತಾಳೆ. ಐದು ವರ್ಷ ಮುಗಿದರೆ ಗ್ರ್ಯಾಚುಯಿಟಿ ಕೊಡಬೇಕಾದೀತೆಂದು ಸೇವೆಯನ್ನು ನಡುವೆ ಮುರಿಯುವ ಯುಕ್ತಿಯೂ ಕೆಲವೆಡೆ ಇತ್ತು. 1972ರ ಗ್ರ್ಯಾಚುಯಿಟಿ ಕಾಯ್ದೆಯ ವ್ಯಾಪ್ತಿಗೆ ಶಿಕ್ಷಕರನ್ನು 2009ರ ತಿದ್ದುಪಡಿಯು 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಸೇರಿಸಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಣುವ್ರತವು ಮೊದಲೇ ಹೇಳಿದ್ದನ್ನು ಕಾಯ್ದೆ ಬಂದು ಹೇಳಬೇಕಾಯಿತು.

ಹೊರಟ ಶಿಕ್ಷಕರ ಕಾರಣವನ್ನು ಪಾಲಕರಿಗೆ ತಿಳಿಸಬೇಕೇ ಎಂಬುದು ಮತ್ತೊಂದು ಪ್ರಶ್ನೆ. ಸಮ್ಯಗ್ದರ್ಶನದ ಅಂಗವಾದ ಉಪಗೂಹನವನ್ನು ಮುಂದೆ ಮಾಡಿ, ಸಂಸ್ಥೆಯ ಮಾತು ಹೊರಗೆ ಬೀಳಬಾರದೆನ್ನುವವರಿದ್ದಾರೆ. ಉಪಗೂಹನವು ದುರ್ಬಲನಾದ ಧರ್ಮಬಂಧುವಿನ ದೋಷವನ್ನು ಕರುಣೆಯಿಂದ ಮುಚ್ಚುವುದಕ್ಕಾಗಿ ಇದೆ. ಬಲವುಳ್ಳವರ ಲೆಕ್ಕಪತ್ರವನ್ನು ಮುಚ್ಚುವುದಕ್ಕಲ್ಲ. ಅದರ ಪಕ್ಕದಲ್ಲಿಯೇ ಸ್ಥಿತಿಕರಣವೆಂಬ ಅಂಗವಿದೆ: ಮಾರ್ಗದಿಂದ ಜಾರುತ್ತಿರುವವರನ್ನು ಮತ್ತೆ ನೆಲೆಗೊಳಿಸುವುದು. ಹೋಗಲು ಮನಸ್ಸು ಮಾಡಿರುವ ಶಿಕ್ಷಕಿಯನ್ನು ಕರೆದು, “ಏನು ತೊಂದರೆಯಮ್ಮಾ?” ಎಂದು ಕೇಳುವುದೂ ಆ ಭಾವದ್ದೇ.

ಪಾಲಕರೂ ಈ ಪ್ರಶ್ನೆಯಿಂದ ಹೊರಗಿಲ್ಲ. ಶುಲ್ಕವನ್ನು ನೂರು ರೂಪಾಯಿ ಏರಿಸಿದರೆ ಸಭೆಯಲ್ಲಿ ಗದ್ದಲವೆಬ್ಬಿಸಿ, ಪಂಚಕಲ್ಯಾಣದ ಸವಾಲಿನಲ್ಲಿ ಸಾವಿರಗಳನ್ನು ಕೂಗುವವರು ಒಮ್ಮೊಮ್ಮೆ ಒಂದೇ ಮನೆಯವರಾಗಿರುತ್ತಾರೆ. ನಿಜಕ್ಕೂ ಬಡವರಾದ ಪಾಲಕರ ಮೇಲೆ ಭಾರ ಹಾಕಬಾರದು. ಆ ಅಂತರವನ್ನು ತುಂಬುವುದೇ ಸಮಾಜದ ದಾನದ ಕೆಲಸ.

ಅದಕ್ಕೆ ಮಾದರಿ ದೂರವಿಲ್ಲ. ಖಾನಾಪುರ ತಾಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕೆ. ಅಲ್ಲಿ ದೊರೆತ ರವಿವರ್ಮನ ತಾಮ್ರಶಾಸನವು ಜಿನೇಂದ್ರನ ಎಂಟು ದಿನಗಳ ಉತ್ಸವವು ಪ್ರತಿವರ್ಷವೂ ಒಂದು ಗ್ರಾಮದ ಉತ್ಪನ್ನದಿಂದ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ವಿಧಿಸುತ್ತದೆ. ಮುನಿಗಳಿಗೂ ವೇತನದ ಶಿಕ್ಷಕರಿಗೂ ಹೋಲಿಕೆಯಿಲ್ಲ. ಆದರೂ ಬಸದಿಯ ಕಲ್ಲಿಗಷ್ಟೇ ಕೊಟ್ಟರೆ ಧರ್ಮ ನಿಲ್ಲುವುದಿಲ್ಲ, ಅಲ್ಲಿರುವವರ ಮಳೆಗಾಲದ ಊಟಕ್ಕೂ ನಿಶ್ಚಿತ ಉತ್ಪನ್ನ ಬೇಕು ಎಂಬ ತಿಳಿವಳಿಕೆ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಇದೇ ನೆಲದಲ್ಲಿತ್ತು.

ಕಟ್ಟಡಕ್ಕೆ ಬರುವ ಪ್ರತಿಯೊಂದು ದಾನದಿಂದ ಒಂದು ಪಾಲನ್ನು ಶಿಕ್ಷಕರ ನಿಧಿಗೆ ತೆಗೆದಿಟ್ಟು ಬಡ್ಡಿಯನ್ನು ವೇತನಕ್ಕೆ ಬಳಸುವುದು, ಹನ್ನೆರಡು ತಿಂಗಳ ನೇಮಕ, ನಿಶ್ಚಿತ ದಿನಕ್ಕೆ ಪಗಾರ, ಮೂಲ ದಾಖಲೆಗಳನ್ನು ಹಿಂದಿರುಗಿಸುವುದು, ಆಡಳಿತ ಮಂಡಳಿಯಲ್ಲಿ ಶಿಕ್ಷಕರ ಒಬ್ಬ ಪ್ರತಿನಿಧಿ: ಇವು ಯಾವ ಟ್ರಸ್ಟಿಗೂ ಅಸಾಧ್ಯವಲ್ಲ. ಮುಂದಿನ ಏಪ್ರಿಲ್‌ನಲ್ಲಿ ಆಯವ್ಯಯ ಪತ್ರ ಸಿದ್ಧವಾಗುವಾಗ ಟ್ರಸ್ಟಿಗಳು ಗೋಪುರದ ಬಣ್ಣದ ಖರ್ಚಿಗಿಂತ ಮೊದಲು ಶಿಕ್ಷಕರ ಮೇ ತಿಂಗಳ ವೇತನವನ್ನು ಬರೆಯಲಿ. ಜೂನ್‌ನಲ್ಲಿ ಶಾಲೆಗೆ ಮರಳುವ ಮಗುವು ಬಾಗಿಲಲ್ಲಿ ಪರಿಚಿತ ಮುಖವನ್ನೇ ಕಾಣಲಿ.