ತಪ್ಪು ಕಾಣಿಕೆ ಯಾರಿಗೆ ಸಲ್ಲಬೇಕು?



ಕಿಣತ್ತುಕಡವು, ಪೊಳ್ಳಾಚಿ ಕಡೆಯ ನಮ್ಮ ಭಕ್ತರ ಮನೆಗಳಲ್ಲಿ ಹಿರಿಯರು ಮಳೆ, ತೆಂಗು, ಟೊಮೆಟೊ ಧಾರಣೆಯ ಮಾತಾಡುತ್ತಿದ್ದರೆ ಕಿರಿಯರ ಮಾತೆಲ್ಲ ಫುಟ್‌ಬಾಲಿನದು. ಪಾಲಕ್ಕಾಡಿನ ಗಡಿ ಪಕ್ಕದಲ್ಲೇ ಇರುವುದರಿಂದ ಮಲಯಾಳ ಸೀಮೆಯ ಆ ಆಟದ ಹುಚ್ಚು ಇತ್ತಲೂ ಬೀಸಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಮೈದಾನದಲ್ಲಿ ಎರಡೂ ಅಲ್ಲದ ಕೂಗು. ಹೀಗೆ ಬೆಳೆಯುತ್ತಿದ್ದಾರೆ ನಮ್ಮ ಮಕ್ಕಳು. ಆಡಲಿ, ಶ್ರೀಮಠದ ಆಕ್ಷೇಪಣೆ ಏನೂ ಇಲ್ಲ. ಆದರೆ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಒಬ್ಬ ತರುಣ ಎದ್ದು ನಿಂತು ಹೀಗೆ ಕೇಳಿದ: “ಅಣ್ಣಾ, ಆಟದಲ್ಲಿ ಒಬ್ಬನಿಗೆ ಹೊಡೆದುಬಿಟ್ಟೆವು ಅಂತಿಟ್ಟುಕೊಳ್ಳಿ. ಆಮೇಲೆ ಎಲ್ಲರ ಮುಂದೆ ಸಾರಿ ಕೇಳಿದೆವು. ಅಲ್ಲಿಗೆ ಮುಗಿಯಿತಲ್ಲವಾ?”

ಸಭೆಯಲ್ಲಿ ಕೆಲವರು ನಕ್ಕರು. ನಗುವ ಪ್ರಶ್ನೆ ಅದಲ್ಲ. ಪೂಜ್ಯರೂ ಅದನ್ನು ಹಾಗೆ ಬಿಡದೆ, ಪತ್ರಿಕೆಯಲ್ಲೇ ವಿವರವಾಗಿ ಬರೆಯಬೇಕೆಂದು ಅಪ್ಪಣೆ ಕೊಡಿಸಿದರು.

ಎಲ್ಲರ ಮುಂದೆ ಕೇಳುವ ಕ್ಷಮೆಗೆ ಬೆಂಗಳೂರಿನಲ್ಲೇ ಒಂದು ನಿದರ್ಶನವಿದೆ. 2023ರ ಮಾರ್ಚ್ 3ರಂದು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ತಂಡಕ್ಕೂ ಕೇರಳ ಬ್ಲಾಸ್ಟರ್ಸ್ ತಂಡಕ್ಕೂ ಪಂದ್ಯ. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ರೆಫರಿ ಅದನ್ನು ಒಪ್ಪಿದರು. ಸಿಟ್ಟಾದ ಕೇರಳದ ತರಬೇತುದಾರರು ತಮ್ಮ ಆಟಗಾರರನ್ನು ಮೈದಾನದಿಂದಲೇ ಕರೆದುಕೊಂಡು ಹೊರಟುಹೋದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಶಿಸ್ತು ಸಮಿತಿ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿ, ಸಾರ್ವಜನಿಕವಾಗಿ ಕ್ಷಮೆ ಕೇಳಬೇಕು, ಕೇಳದಿದ್ದರೆ ದಂಡ 6 ಕೋಟಿ ಆಗುತ್ತದೆ ಎಂದು ತೀರ್ಪು ಕೊಟ್ಟಿತು. ತರಬೇತುದಾರರಿಗೆ 5 ಲಕ್ಷ, ಕ್ಷಮೆ ಕೇಳದಿದ್ದರೆ 10 ಲಕ್ಷ. ಏಪ್ರಿಲ್ ಮೊದಲ ವಾರದಲ್ಲೇ ಇಬ್ಬರ ಕ್ಷಮಾಪಣೆಯೂ ಹೊರಬಿತ್ತು.

ನಾವು ಕಾಮರ್ಸ್ ಓದಿದವರು, ಲೆಕ್ಕ ಕಣ್ಣಿಗೆ ಬೇಗ ಬೀಳುತ್ತದೆ. ಇಲ್ಲಿ ಕ್ಷಮೆ ಎಂಬ ಒಂದು ಮಾತಿಗೆ 2 ಕೋಟಿ ರೂಪಾಯಿ ಬೆಲೆ ಕಟ್ಟಿದಂತಾಯಿತು. ಕೇಳಿದವರ ಮನಸ್ಸಿನಲ್ಲಿ ನಿಜವಾದ ಪಶ್ಚಾತ್ತಾಪ ಇರಲಿಲ್ಲವೆಂದು ಹೇಳಲು ನಾವು ಯಾರು? ಆದರೆ ಹೀಗೆ ಬೆಲೆಚೀಟಿ ಅಂಟಿಸಿದ ಮೇಲೆ, ಇದ್ದರೂ ಅದು ಹೊರಗಿನವರಿಗೆ ಕಾಣುವುದು ಕಷ್ಟ. ಪುಣ್ಯಕ್ಕೆ ಆ ಪ್ರಸಂಗದಲ್ಲಿ ಯಾರ ಮೈಗೂ ಪೆಟ್ಟಾಗಿರಲಿಲ್ಲ. ನಮ್ಮ ತರುಣ ಕೇಳಿದ್ದು ಪೆಟ್ಟಿನ ವಿಷಯ.

ಅದಕ್ಕೆ ಸ್ವಲ್ಪ ದೂರ, ಸ್ವಲ್ಪ ಹಿಂದಕ್ಕೆ ಹೋಗಬೇಕು. 1982ರ ಜುಲೈ 8, ಸ್ಪೇನ್ ದೇಶದ ಸೆವಿಲ್ಲೆ ನಗರ. ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿಗೆ ಫ್ರಾನ್ಸ್ ಎದುರಾಳಿ. ಬದಲಿ ಆಟಗಾರನಾಗಿ ಬಂದು ಇನ್ನೂ ಸ್ವಲ್ಪ ಹೊತ್ತಾಗಿದ್ದ ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್ ಗೋಲಿನತ್ತ ನುಗ್ಗಿ ಚೆಂಡನ್ನು ಒದ್ದ. ಜರ್ಮನಿಯ ಗೋಲ್‌ಕೀಪರ್ ಹರಾಲ್ಡ್ ಶೂಮಾಕರ್ (ಕಾರು ರೇಸಿನ ಶೂಮಾಕರ್ ಬೇರೆ) ಓಡಿಬಂದು ನೆಗೆದು ಅವನ ಮುಖಕ್ಕೆ ಅಪ್ಪಳಿಸಿದ. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದ. ಹಲ್ಲುಗಳು ಹೋದವು, ಬೆನ್ನುಮೂಳೆಗೂ ಪೆಟ್ಟಾಯಿತು. ಜೊತೆಗಾರ ಪ್ಲಾಟಿನಿ ಅವನು ಸತ್ತೇಹೋದನೆಂದು ಹೆದರಿದ್ದಾಗಿ ಮುಂದೆ ಹೇಳಿದ. ರೆಫರಿ ಫೌಲ್ ಎನ್ನಲಿಲ್ಲ, ಕಾರ್ಡ್ ತೋರಿಸಲಿಲ್ಲ. ಸ್ಟ್ರೆಚರಿನಲ್ಲಿ ಅವನನ್ನು ಒಯ್ದರು, ಆಟ ಸಾಗಿತು. 3-3 ಸಮವಾಗಿ ಪೆನಾಲ್ಟಿಗೆ ಹೋದಾಗ ಅದೇ ಶೂಮಾಕರ್ ಎರಡು ಹೊಡೆತ ತಡೆದು ಜರ್ಮನಿಯನ್ನು ಗೆಲ್ಲಿಸಿದ.

ಆದರೆ ಫ್ರಾನ್ಸಿನ ಜನರನ್ನು ಕೆರಳಿಸಿದ್ದು ಹೊಡೆತಕ್ಕಿಂತ ಆಮೇಲಿನದು. ಬಿದ್ದವನ ಬಳಿಗೆ ಶೂಮಾಕರ್ ಹೋಗಲೇ ಇಲ್ಲ. ಚೆಂಡು ಹಿಡಿದು, ಮತ್ತೆ ಆಟ ಯಾವಾಗ ಆರಂಭ ಎಂಬಂತೆ ನಿಂತಿದ್ದ. ಪಂದ್ಯ ಮುಗಿದ ಮೇಲೆ ಎದುರಾಳಿಯ ಹಲ್ಲು ಹೋಗಿದೆಯೆಂದು ಯಾರೋ ಹೇಳಿದಾಗ, ಅಷ್ಟೇ ಆದರೆ ಹಲ್ಲು ಕಟ್ಟಿಸುವ ಖರ್ಚು ತಾನು ಕೊಡುತ್ತೇನೆ ಎಂಬರ್ಥದ ಮಾತಾಡಿದ. ಎರಡು ದೇಶಗಳ ನಡುವೆ ಎಷ್ಟು ಕಹಿ ಹುಟ್ಟಿತೆಂದರೆ ಜರ್ಮನಿಯ ಚಾನ್ಸೆಲರ್ ಶ್ಮಿಟ್ ಮತ್ತು ಫ್ರಾನ್ಸಿನ ಅಧ್ಯಕ್ಷ ಮಿತ್ತರಾಂ ಜಂಟಿ ಹೇಳಿಕೆ ಕೊಟ್ಟು ಜನರನ್ನು ಸಮಾಧಾನಪಡಿಸಬೇಕಾಯಿತು. ಕೊನೆಗೆ ಶೂಮಾಕರ್ ಫ್ರಾನ್ಸಿನ ಮೆಟ್ಸ್ ಊರಿಗೆ ಹೋಗಿ ಬ್ಯಾಟಿಸ್ಟನ್ನನ್ನು ಎದುರಿಗೇ ಕಂಡು, ಪತ್ರಕರ್ತರ ಮುಂದೆ ಕ್ಷಮೆ ಕೇಳಿದ. ಬ್ಯಾಟಿಸ್ಟನ್ ಕ್ಷಮಿಸಿದ. ಚೆಂಡಿಗಾಗಿಯೇ ನೆಗೆದೆ, ಹೊಡೆಯಬೇಕೆಂದಲ್ಲ ಎಂದು ಶೂಮಾಕರ್ ಮುಂದೆಯೂ ಹೇಳುತ್ತ ಬಂದ. ಇರಬಹುದು. ಆದರೆ ಬೇಕೆಂದೇ ಹೊಡೆಯದಿದ್ದವನಿಗೂ ಬಿದ್ದವನ ಹತ್ತಿರ ಹೋಗಲು ಹತ್ತು ಹೆಜ್ಜೆ ಸಾಕಿತ್ತು. ಆ ಹೆಜ್ಜೆಗಳನ್ನು ಅಂದೇ ಇಟ್ಟಿದ್ದರೆ ಇಬ್ಬರು ರಾಷ್ಟ್ರನಾಯಕರು ಪೆನ್ನು ಹಿಡಿಯಬೇಕಾಗಿರಲಿಲ್ಲ.

ನಮ್ಮ ಭಾಷೆಯನ್ನೇ ನೋಡಿ. ತಪ್ಪು ಒಪ್ಪಿಕೊಳ್ಳುವಾಗ ನಾವು “ತಪ್ಪಾಯಿತು” ಎನ್ನುತ್ತೇವೆ. ಮಳೆಯಾಯಿತು, ಸಂಜೆಯಾಯಿತು ಎಂದ ಹಾಗೆ. ಅಲ್ಲಿ ಮಾಡಿದವನೇ ಇಲ್ಲ! ತಪ್ಪು ತಾನಾಗಿ ಆಕಾಶದಿಂದ ಬಿತ್ತೇನೋ ಎಂಬಂತೆ. “ತಪ್ಪು ಮಾಡಿದೆ” ಎನ್ನಲು ನಾಲಿಗೆ ಅಷ್ಟು ಸುಲಭವಾಗಿ ಹೊರಳುವುದಿಲ್ಲ. ಹಿರಿಯರು ವಿನಯದಿಂದ ಬಳಸಿದ “ತಪ್ಪಾಯಿತು” ಎಂಬ ಮಾತನ್ನು ನಾವು ಹಳಿಯುತ್ತಿಲ್ಲ. ಆದರೆ ಅದರ ಮರೆಯಲ್ಲಿ ನಿಂತು ತಪ್ಪಿಸಿಕೊಳ್ಳುವವರು ಬಹಳ ಮಂದಿ. ಈಗಿನ ಮಕ್ಕಳ “ಸಾರಿ”ಗಂತೂ ಅಷ್ಟೂ ಭಾರವಿಲ್ಲ, ಬಸ್ಸಿನಲ್ಲಿ ಕಾಲು ತುಳಿದಾಗಲೂ ಅದೇ, ಕಾಲು ಮುರಿದಾಗಲೂ ಅದೇ.

ಶರಣರು ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಬಸವಣ್ಣನವರು ಬದುಕಿನ ನಿಯಮ ಹೇಳುವಾಗ ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲೇ ಮುನಿಸನ್ನೂ ಇರಿಸಿದ್ದಾರೆ. ಇನ್ನೊಂದೆಡೆ ಕೋಪವನ್ನು ಮನೆಯೊಳಗಿನ ಬೆಂಕಿಗೆ ಹೋಲಿಸಿದ್ದಾರೆ. ನಾವು ಎದೆಯ ಮೇಲೆ ಇಷ್ಟಲಿಂಗ ಧರಿಸಿದವರು, ದೇಹವನ್ನೇ ದೇವರು ನೆಲಸುವ ಮನೆಯೆಂದು ತಿಳಿದವರು. ಎದುರು ತಂಡದ ಹುಡುಗನ ಕೊರಳಲ್ಲಿ ಲಿಂಗ ಇರಲಿ, ಶಿಲುಬೆ ಇರಲಿ, ತಾಯಿತ ಇರಲಿ, ಅವನ ದೇಹವೂ ಅಂಥ ಮನೆಯೇ. ಆ ಮನೆಗೆ ಕಲ್ಲು ಹೊಡೆದು ಊರ ಚಾವಡಿಯಲ್ಲಿ ನಿಂತು ಕೈಮುಗಿದರೆ ಹೇಗೆ? ಕಲ್ಲು ಬಿದ್ದ ಮನೆಯ ಬಾಗಿಲಿಗೇ ಹೋಗಬೇಕು.

ಈ ಮಾತಿಗೆ ಜಗತ್ತೆಲ್ಲ ನೋಡಿದ ಸಾಕ್ಷಿ 2006ರ ವಿಶ್ವಕಪ್ ಫೈನಲ್. ಜುಲೈ 9, ಬರ್ಲಿನ್. ಫ್ರಾನ್ಸಿನ ನಾಯಕ ಜಿನೆದಿನ್ ಜಿದಾನೆಗೆ ಅದೇ ಕೊನೆಯ ಪಂದ್ಯ. ಆರಂಭದಲ್ಲೇ ಗೋಲು ಹೊಡೆದಿದ್ದ. 110ನೆಯ ನಿಮಿಷದಲ್ಲಿ ಇಟಲಿಯ ಮಾರ್ಕೊ ಮತೆರಾಜಿ ಏನೋ ಅಂದ. ಮುಂದೆ ಹೋಗುತ್ತಿದ್ದ ಜಿದಾನೆ ತಿರುಗಿಬಂದು ಅವನ ಎದೆಗೆ ತಲೆಯಿಂದ ಗುದ್ದಿ ಕೆಡವಿದ. ಕೆಂಪು ಕಾರ್ಡು. ಪಕ್ಕದಲ್ಲೇ ಇಟ್ಟಿದ್ದ ವಿಶ್ವಕಪ್ಪನ್ನು ದಾಟಿ ತಲೆತಗ್ಗಿಸಿ ಒಳಗೆ ನಡೆದ. ಇಟಲಿ ಪೆನಾಲ್ಟಿಯಲ್ಲಿ 5-3ರಿಂದ ಗೆದ್ದಿತು.

ಮೂರು ದಿನದ ಬಳಿಕ ಜಿದಾನೆ ದೂರದರ್ಶನದಲ್ಲಿ ಕಾಣಿಸಿಕೊಂಡ. ತನ್ನ ತಾಯಿಯ, ಅಕ್ಕನ ವಿಷಯ ಎತ್ತಿ ಮತೆರಾಜಿ ಪದೇ ಪದೇ ನಿಂದಿಸಿದನೆಂದ. ನೋಡಿದ ಮಕ್ಕಳೆಲ್ಲರ ಕ್ಷಮೆ ಕೇಳಿದ. ಆದರೆ ಮಾಡಿದ್ದಕ್ಕೆ ವಿಷಾದವಿಲ್ಲ, ವಿಷಾದಪಟ್ಟರೆ ಅವನು ಆಡಿದ್ದು ಸರಿ ಎಂದಂತಾಗುತ್ತದೆ ಎಂದ. ನಾಲ್ಕು ವರ್ಷ ಕಳೆದ ಮೇಲೂ, 2010ರಲ್ಲಿ, ಅವನ ಕ್ಷಮೆ ಕೇಳುವುದಕ್ಕಿಂತ ಸಾಯುವುದು ಮೇಲು ಎಂಬ ಮಾತು ಆತನಿಂದ ಬಂತು.

ಹೆತ್ತ ತಾಯಿಯನ್ನು ಅಂದಾಗ ಯಾರಿಗೆ ರಕ್ತ ಕುದಿಯುವುದಿಲ್ಲ? ನಮ್ಮ ಓದುಗರಲ್ಲಿ ಅರ್ಧ ಜನ ಜಿದಾನೆಯ ಪಕ್ಷ ಎಂದು ನಾವು ಬಲ್ಲೆವು. ಮತೆರಾಜಿಯ ಮಾತಿಗೆ ಶಿಕ್ಷೆಯೂ ಆಯಿತು. ಫಿಫಾ ಸಂಸ್ಥೆ ಅವನಿಗೆ ಎರಡು ಪಂದ್ಯಗಳ ನಿಷೇಧ, 5,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಜಿದಾನೆಗೆ ಮೂರು ಪಂದ್ಯ, 7,500 ಫ್ರಾಂಕ್. ನಿವೃತ್ತನಾದ್ದರಿಂದ ಪಂದ್ಯಗಳ ಬದಲು ಮಕ್ಕಳ ನಡುವೆ ಸೇವೆ ಮಾಡಲು ಆತ ಒಪ್ಪಿದ. ಅಂದರೆ ಒಬ್ಬೊಬ್ಬರ ತಪ್ಪಿಗೂ ಬೇರೆ ಬೇರೆ ಖಾತೆ. ಅವನ ಖಾತೆಯ ಬಾಕಿಯನ್ನು ತೋರಿಸಿ ನಮ್ಮ ಖಾತೆಯ ಸಾಲ ವಜಾ ಮಾಡಿಕೊಳ್ಳಲು ಬರುವುದಿಲ್ಲ. ಮಕ್ಕಳಲ್ಲಿ ಕ್ಷಮೆ ಕೇಳಿದ್ದು ದೊಡ್ಡ ಗುಣವೇ. ಆದರೆ ಗುದ್ದು ಬಿದ್ದದ್ದು ಮಕ್ಕಳ ಎದೆಗಲ್ಲವಲ್ಲ!

ಇನ್ನು ಕ್ಷಮಿಸುವವರ ಮಾತು. ಬ್ಯಾಟಿಸ್ಟನ್ ಕ್ಷಮಿಸಿದ ಎಂದೆವು. ಎಲ್ಲರೂ ಕ್ಷಮಿಸಲೇಬೇಕೆಂಬ ಕಾನೂನು ಇಲ್ಲ. 2008ರ ಏಪ್ರಿಲ್‌ನಲ್ಲಿ ಮೊಹಾಲಿಯ ಐಪಿಎಲ್ ಕ್ರಿಕೆಟ್ ಪಂದ್ಯ ಮುಗಿದ ಮೇಲೆ ಹರ್ಭಜನ್ ಸಿಂಗ್, ಕೇರಳದ ಶ್ರೀಶಾಂತ್ ಕೆನ್ನೆಗೆ ಹೊಡೆದದ್ದು, ಶ್ರೀಶಾಂತ್ ಅತ್ತದ್ದು ನಿಮಗೆ ನೆನಪಿರಬಹುದು. ಆ ವರ್ಷದ ಉಳಿದ ಪಂದ್ಯಗಳಿಂದ ಹರ್ಭಜನ್‌ರನ್ನು ಹೊರಗಿಟ್ಟರು. ಎಷ್ಟೋ ಸಲ ಕ್ಷಮೆ ಕೇಳಿದ್ದಾರೆ, ಇಬ್ಬರೂ ಆಮೇಲೆ ಒಂದೇ ಭಾರತ ತಂಡದಲ್ಲಿ ಆಡಿದ್ದಾರೆ. ಆದರೂ 2025ರಲ್ಲಿ ನಮ್ಮ ತಮಿಳುನಾಡಿನ ಅಶ್ವಿನ್ ಜೊತೆ ಮಾತಾಡುತ್ತ ಹರ್ಭಜನ್ ಒಂದು ಸಂಗತಿ ಹೇಳಿದರು. ಶ್ರೀಶಾಂತರ ಪುಟ್ಟ ಮಗಳನ್ನು ಪ್ರೀತಿಯಿಂದ ಮಾತಾಡಿಸಲು ಹೋದಾಗ ಆ ಕೂಸು, ನೀವು ನನ್ನ ಅಪ್ಪನನ್ನು ಹೊಡೆದವರು, ನಿಮ್ಮೊಡನೆ ಮಾತಿಲ್ಲ ಎಂದಿತಂತೆ. ತನ್ನ ಬದುಕಿನಿಂದ ಒಂದನ್ನು ಅಳಿಸಬಹುದಾದರೆ ಅದನ್ನೇ ಅಳಿಸುವೆ ಎಂದರು ಹರ್ಭಜನ್.

ಇದನ್ನು ಬರೆಯಲು ಕಾರಣವಿದೆ. ನಮ್ಮ ಊರುಗಳಲ್ಲಿ ನ್ಯಾಯ ಹೇಳುವ ಹಿರಿಯರು ಪೆಟ್ಟು ತಿಂದವನ ಬೆನ್ನು ತಟ್ಟಿ “ಹೋಗಲಿ ಬಿಡಪ್ಪ, ಕೇಳಿದನಲ್ಲ” ಎಂದು ಬೇಗ ಮುಗಿಸಲು ನೋಡುತ್ತಾರೆ. ಕೇಳುವುದು ಹೊಡೆದವನ ಕೆಲಸ. ಕೊಡುವುದು, ಕೊಡಲು ಸಮಯ ತೆಗೆದುಕೊಳ್ಳುವುದು ಪೆಟ್ಟು ತಿಂದವನ ಹಕ್ಕು. ಅದನ್ನು ಹಿರಿಯರು ಅವನ ಕೈಯಿಂದ ಕಿತ್ತು ಹಂಚಬಾರದು.

ಹಾಗೆಂದು ಕೇಳುವವನು ಮುಹೂರ್ತಕ್ಕಾಗಿ ಕಾಯುತ್ತ ಕೂರುವುದೂ ಸಲ್ಲ. ಅದೇ ಕಂಠೀರವ ಕ್ರೀಡಾಂಗಣದಲ್ಲಿ 2004ರ ಡಿಸೆಂಬರ್ 5ರಂದು ಫೆಡರೇಶನ್ ಕಪ್ ಫೈನಲ್ ನಡೆಯಿತು. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೆಯ ಗೋಲು ಹೊಡೆಯುವ ಹೊತ್ತಿಗೆ ಮೋಹನ್ ಬಗಾನಿನ ಗೋಲ್‌ಕೀಪರ್ ಜೊತೆ ಡಿಕ್ಕಿಯಾಗಿ ಕುಸಿದುಬಿದ್ದ. ಮತ್ತೆ ಏಳಲಿಲ್ಲ. ವಯಸ್ಸು 25. ಡೆಂಪೊ ಗೆದ್ದಿತು, ಅವನ 10ನೆಯ ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಅದು ಯಾರ ತಪ್ಪು, ತಪ್ಪೇ ಅಲ್ಲವೇ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಅಂಥ ಸಂಜೆಯ ನಂತರ ಮಾತಾಡಿಸಲು ಎದುರಿನವನೇ ಇರುವುದಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಹಳ್ಳಿಗಳಲ್ಲಿ ತಪ್ಪು ಕಾಣಿಕೆಯ ಪದ್ಧತಿ ಹಿಂದಿನಿಂದ ಇದೆ. ನಡೆಯಬಾರದ್ದು ನಡೆದರೆ ದೇವರಿಗೋ ಮಠಕ್ಕೋ ಇಷ್ಟು ಎಂದು ಸಲ್ಲಿಸಿ ಅಡ್ಡಬೀಳುತ್ತಾರೆ. ಹರಕೆ ತಪ್ಪಿದ್ದಕ್ಕೆ, ನೇಮ ಕೆಟ್ಟದ್ದಕ್ಕೆ ಅದು ಸರಿ, ಅದು ದೇವರಿಗೂ ನಮಗೂ ನಡುವಿನ ವ್ಯವಹಾರ. ಆದರೆ ಇತ್ತೀಚೆಗೆ ಬೇರೊಂದು ಬಗೆಯ ಕಾಣಿಕೆಯೂ ಬರುತ್ತಿದೆ. ಪೊಂಗಲ್ ರಜೆಯಲ್ಲಿ ಹುಡುಗರ ಫುಟ್‌ಬಾಲ್ ಪಂದ್ಯದಲ್ಲಿ ಒಬ್ಬ ಹಿಂದಿನಿಂದ ಬಂದು ಇನ್ನೊಬ್ಬನ ಕಾಲಿಗೆ ಒದ್ದ. ಎರಡೂ ಮನೆಯವರು ಶ್ರೀಮಠದ ಭಕ್ತರೇ. ಹೆಸರು ಬೇಡ. ಬಿದ್ದವನಿಗೆ ವಾರಗಟ್ಟಲೆ ಪ್ಲಾಸ್ಟರ್, ಹತ್ತನೆಯ ತರಗತಿಯ ಪರೀಕ್ಷೆಗೆ ಅವನ ಅಪ್ಪ ಎತ್ತಿಕೊಂಡೇ ಹೋಗಬೇಕಾಯಿತು. ಒದ್ದವನ ತಂದೆ ಸಜ್ಜನರು. ಆಸ್ಪತ್ರೆಯ ಬಿಲ್ಲನ್ನು ಪೂರ್ತಿ ಕಟ್ಟಿದರು. “ಲೆಕ್ಕ ಚುಕ್ತಾ ಆಯಿತಲ್ಲ” ಎಂದರು. ಮಗನಿಂದ ಊರವರ ಮುಂದೆ ಸಾರಿಯನ್ನೂ ಹೇಳಿಸಿದರು. ಆದರೆ ಹುಡುಗ ಆ ಮನೆಯ ಹೊಸ್ತಿಲು ತುಳಿದಿಲ್ಲ. ಒಂದೇ ಬೀದಿಯ ಎರಡು ಮನೆಗಳ ಹೆಂಗಸರು ಈಗ ನೀರಿನ ನಲ್ಲಿಯ ಬಳಿ ಮುಖ ತಿರುಗಿಸಿ ನಿಲ್ಲುತ್ತಾರೆ.

ಆ ತಂದೆ ತಪ್ಪು ಕಾಣಿಕೆ ಎಂದು ಬರೆದ ಒಂದು ಲಕೋಟೆಯನ್ನು ಶ್ರೀಮಠಕ್ಕೂ ತಂದುಕೊಟ್ಟರು. ಪೂಜ್ಯರು ಅದನ್ನು ಕೈಯಲ್ಲಿ ಹಿಡಿದು, “ಇದರ ವಿಳಾಸ ತಪ್ಪಾಗಿದೆಯಲ್ಲಪ್ಪ” ಎಂದರು. ಹಿಂದಿರುಗಿಸಿದರೆ ಆ ಹಿರಿಯರು ನೊಂದುಕೊಂಡಾರೆಂದು ನಾವು ಅದನ್ನು ಕಾಣಿಕೆ ಬಾಬ್ತಿಗೆ ಸೇರಿಸದೆ, ಅನಾಮತ್ತು ಖಾತೆಯಲ್ಲಿ ಬರೆದಿಟ್ಟಿದ್ದೇವೆ. ಯಾರಿಗೆ ಸಲ್ಲಬೇಕೆಂದು ತೀರ್ಮಾನವಾಗದ ಹಣ ಇರುವುದು ಆ ಖಾತೆಯಲ್ಲಿ. ಹುಡುಗ ತಾನೊಬ್ಬನೇ, ಅಪ್ಪನನ್ನು ಮುಂದಿಟ್ಟುಕೊಳ್ಳದೆ, ಆ ಮನೆಗೆ ಹೋಗಿ ಗೆಳೆಯನ ಎದುರು ಕುಳಿತು “ನಾನು ಒದ್ದೆ” ಎಂದು ಹೇಳಿ ಬರಲಿ. ಅವರು ಕುಡಿಯಲು ನೀರು ಕೊಡುತ್ತಾರೋ, ಬೈದು ಕಳಿಸುತ್ತಾರೋ, ಅದು ಅವರಿಗೆ ಬಿಟ್ಟದ್ದು. ಹೋಗಿಬಂದ ದಿನ ಒಂದು ಮಾತು ತಿಳಿಸಿದರೆ ಸಾಕು. ಅಂದೇ ರಸೀದಿ ಬರೆಯುತ್ತೇವೆ.