ಪ್ರಯೋಗಶಾಲೆಯಲ್ಲಿ ದಯೆಯ ಪ್ರಶ್ನೆ

ಕಳೆದ ಶ್ರಾವಣದಲ್ಲಿ ಶ್ರೀಮಠದ ಶಿವಾನುಭವ ಗೋಷ್ಠಿ ಮುಗಿದ ಮೇಲೆ, ಹಿಂದೆ ಇಲ್ಲಿಯ ಪ್ರಸಾದನಿಲಯದಲ್ಲಿದ್ದು ಓದಿ ಈಗ ಜೀವವಿಜ್ಞಾನದ ಸಂಶೋಧನೆಯಲ್ಲಿ ತೊಡಗಿರುವ ಯುವಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೀಗೆ ಕೇಳಿದರು: "ಗುರುಗಳೇ, ಬೆಳಿಗ್ಗೆ ಯಾವ ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜಿಸುತ್ತೇನೆಯೋ, ಅದೇ ಕೈಯಿಂದ ಮಧ್ಯಾಹ್ನ ಇಲಿಯ ತಲೆಬುರುಡೆಗೆ ರಂಧ್ರ ಕೊರೆದು ಮನುಷ್ಯನ ಗೆಡ್ಡೆಯ ಜೀವಕೋಶಗಳನ್ನು ಸೇರಿಸುತ್ತೇನೆ. ಇದು ಕಾಯಕವೋ, ಕೊಲೆಯೋ?" ಮಿದುಳಿನ ಗೆಡ್ಡೆ ಹೇಗೆ ಹರಡುತ್ತದೆ ಎಂಬುದು ಅವರ ಅಧ್ಯಯನದ ವಿಷಯ. ಆಗ ನಾನು ಉತ್ತರ ಕೊಡಲಿಲ್ಲ, ಕೊಡುವಷ್ಟು ತಿಳಿದಿರಲಿಲ್ಲ. ಆಮೇಲೆ ಅವರೇ ಕಳುಹಿಸಿದ ಬರಹಗಳನ್ನು ಓದಿ, ನನಗೆ ತೋಚಿದುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮಿದುಳಿನಲ್ಲಿಯೇ ಹುಟ್ಟುವ ಗೆಡ್ಡೆಗಳಲ್ಲಿ ಗ್ಲಿಯೋಬ್ಲಾಸ್ಟೋಮ ಎಂಬುದು ಅತಿ ಘೋರವಾದವುಗಳಲ್ಲೊಂದು. ವಿಕಿರಣ ಚಿಕಿತ್ಸೆಯ ಜೊತೆಗೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ಕೊಟ್ಟು ನಡೆಸಿದ, 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರ್ಧದಷ್ಟು ರೋಗಿಗಳು ಬದುಕಿದ್ದು 14.6 ತಿಂಗಳು ಮಾತ್ರ. ವಿಕಿರಣವೊಂದನ್ನೇ ಪಡೆದವರಲ್ಲಿ ಆ ಅವಧಿ 12.1 ತಿಂಗಳು. ಎರಡೂವರೆ ತಿಂಗಳ ಆಯುಷ್ಯವನ್ನು ಹೆಚ್ಚಿಸಿದ್ದೇ ಮಹತ್ಸಾಧನೆಯೆನಿಸಿತೆಂದರೆ ರೋಗದ ಕಾಠಿಣ್ಯವನ್ನು ವಾಚಕರು ಊಹಿಸಬಹುದು. ಇದಕ್ಕೆ ಮುಖ್ಯ ಕಾರಣ ಆ ಗೆಡ್ಡೆಗೆ ಎಲ್ಲೆಯೆಂಬುದಿಲ್ಲದಿರುವುದು. 1928ರಲ್ಲಿ ಅಮೆರಿಕೆಯ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ, ಆಗಲೇ ಪಾರ್ಶ್ವವಾಯುವಿಗೆ ತುತ್ತಾಗಿದ್ದ ರೋಗಿಗಳಲ್ಲಿ ಮಿದುಳಿನ ಬಲಭಾಗದ ಅರ್ಧಗೋಲವನ್ನೇ ತೆಗೆದುಹಾಕಿದ ವರದಿಯನ್ನು ಪ್ರಕಟಿಸಿದರು. ಅಷ್ಟು ಮಾಡಿದರೂ ರೋಗ ನಿರ್ಮೂಲವಾಗಲಿಲ್ಲ. ಜೀವಕೋಶಗಳು ಅಷ್ಟರಲ್ಲಿ ಆಚೆಗೆ ದಾಟಿರುತ್ತವೆ.

ಅವು ದಾಟುವ ದಾರಿಯನ್ನು ಸ್ಪಷ್ಟವಾಗಿ ವಿವರಿಸಿದವರು ಹಾನ್ಸ್ ಯೋಆಖಿಮ್ ಶೆರರ್. ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿದ್ದಾಗ, ಮೃತರ ಮಿದುಳುಗಳನ್ನು ಪರೀಕ್ಷಿಸಿ, ಗೆಡ್ಡೆಯ ಕೋಶಗಳು ರಕ್ತನಾಳಗಳ ಮಗ್ಗುಲಲ್ಲಿ, ಬಿಳಿಯ ನರತಂತುಗಳ ಗುಂಟ, ಮಿದುಳಿನ ಹೊರಪೊರೆಯ ಅಡಿಯಲ್ಲಿ, ಅಂದರೆ ಮೊದಲೇ ಇದ್ದ ಹಾದಿಗಳಲ್ಲಿಯೇ ಸಂಚರಿಸುತ್ತವೆಂದು 1930ರ ದಶಕದ ಕೊನೆಯಲ್ಲಿ ತೋರಿಸಿದರು. ಇಂದಿಗೂ ಆ ರಚನೆಗಳಿಗೆ ಅವರ ಹೆಸರೇ ಇದೆ. ಇದೇ ಶೆರರ್ ಮುಂದೆ ಬ್ರೆಸ್ಲಾವಿನಲ್ಲಿ, ನಾಜಿ ಆಡಳಿತ ಕೊಲ್ಲಿಸಿದ ಮುನ್ನೂರಕ್ಕೂ ಹೆಚ್ಚು ಮಕ್ಕಳ ಮಿದುಳುಗಳ ಪರೀಕ್ಷೆಯಲ್ಲಿ ಭಾಗಿಯಾದರು. ಆ ಸೂಕ್ಷ್ಮದರ್ಶಕ, ಆ ಕಣ್ಣು, ಆ ಶ್ರದ್ಧೆ ಎಲ್ಲವೂ ಹಿಂದಿನದೇ. ಗಾಜಿನ ಮೇಲಿನ ತುಣುಕು ಎಲ್ಲಿಂದ ಬಂತೆಂದು ಕೇಳದ ಪಾಂಡಿತ್ಯ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಇದಕ್ಕಿಂತ ಭಯಾನಕ ನಿದರ್ಶನ ಬೇಕಿಲ್ಲ. ನಮ್ಮ ಯುವಕರು ಹಾಗೆ ಕೇಳಿದರೆಂಬುದೇ ನನಗೆ ಸಮಾಧಾನ.

ಮೃತ ಮಿದುಳು ಹಾದಿಯನ್ನು ತೋರಿಸುತ್ತದೆ, ನಡಿಗೆಯನ್ನಲ್ಲ. ಬದುಕಿರುವ ಮನುಷ್ಯನ ತಲೆಯನ್ನು ದಿನದಿನವೂ ತೆರೆದು ನೋಡುವುದಂತೂ ಅಸಾಧ್ಯ. ಆದ್ದರಿಂದಲೇ ವಿಜ್ಞಾನಿಗಳು ಮಾದರಿಗಳನ್ನು ಆಶ್ರಯಿಸುತ್ತಾರೆ. ನಮ್ಮ ಶರಣಧರ್ಮದ ಪರಿಭಾಷೆಯಲ್ಲಿ ಹೇಳುವುದಾದರೆ ಮಾದರಿಯೆಂಬುದು ಒಂದು ಕುರುಹು. ಕುರುಹನ್ನು ಹಿಡಿದು ಅರಿವಿಗೆ ಸಲ್ಲಬೇಕು. ಕುರುಹನ್ನೇ ಅರಿವೆಂದು ಭ್ರಮಿಸಿದವರನ್ನು ಅಲ್ಲಮಪ್ರಭುದೇವರು ಹೇಗೆ ವಿಚಾರಿಸಿಕೊಂಡರೆಂಬುದು ಎಲ್ಲರಿಗೂ ತಿಳಿದದ್ದೇ. (ಹೋಲಿಕೆಯನ್ನು ಬಹುದೂರ ಎಳೆಯಬಾರದು, ಕರಸ್ಥಲದ ಲಿಂಗವೆಲ್ಲಿ, ಗಾಜಿನ ಬಟ್ಟಲೆಲ್ಲಿ!)

ಈ ಭ್ರಮೆ ವಿಜ್ಞಾನದಲ್ಲಿಯೂ ನಡೆದುಹೋಗಿದೆ. 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ರೋಗಿಯೊಬ್ಬರ ಗೆಡ್ಡೆಯಿಂದ ಬೆಳೆಸಿದ ಯು-87 ಎಂಬ ಜೀವಕೋಶಗಳ ವಂಶ ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಗೆ ಬಂದಿತು. ಇದನ್ನು ಇಲಿಯ ಮಿದುಳಿಗೆ ಸೇರಿಸಿದರೆ ನಿಶ್ಚಿತವಾಗಿ ಬೆಳೆಯುತ್ತದೆ. ಆದರೆ ದುಂಡಗೆ, ಉಂಡೆಯಂತೆ, ಎಲ್ಲೆಗಟ್ಟಿಕೊಂಡು ಬೆಳೆಯುತ್ತದೆ. ಮನುಷ್ಯನನ್ನು ಕೊಲ್ಲುವ ಗುಣವಾದ ಆ ಹರಡುವಿಕೆಯೇ ಅದರಲ್ಲಿ ಅತ್ಯಲ್ಪ. ಅಷ್ಟೇ ಅಲ್ಲ, 2016ರಲ್ಲಿ ಉಪ್ಸಾಲಾದ ವಿಜ್ಞಾನಿಗಳೇ ಪರೀಕ್ಷಿಸಿ, ಎಲ್ಲೆಡೆ ಹಂಚಿಕೆಯಾಗಿರುವ ಆ ಕೋಶಗಳು ತಮ್ಮಲ್ಲಿಯ ಮೂಲ ರೋಗಿಯವಲ್ಲವೆಂದು ಪ್ರಕಟಿಸಿದರು. ಅವು ಮನುಷ್ಯನ ಮಿದುಳುಗೆಡ್ಡೆಯವೇ ಇರಬಹುದು, ಆದರೆ ಯಾರವೆಂಬುದು ತಿಳಿಯದು. ಇಂಥ ಕುರುಹನ್ನು ನಂಬಿ ಹರಡುವಿಕೆಯನ್ನು ಅಭ್ಯಸಿಸಿದ ಕಡೆಗಳಲ್ಲಿ ಬಲಿಯಾದ ಇಲಿಗಳ ನೋವಿಗೆ ಯಾವ ಸಮರ್ಥನೆ? ಆ ಕೋಶಗಳು ಸುಲಭವಾಗಿ ಬೆಳೆಯುತ್ತಿದ್ದವು, ಎಲ್ಲರೂ ಬಳಸುತ್ತಿದ್ದರು, ಅಷ್ಟೆ. ಅಲ್ಲಿ ದಯೆ ತಪ್ಪಿದ್ದು ಇಲಿಯನ್ನು ಕೊಂದ ಗಳಿಗೆಯಲ್ಲಲ್ಲ. ಕುರುಹನ್ನು ಪರೀಕ್ಷಿಸದೆ ಕೈಗೆತ್ತಿಕೊಂಡಾಗಲೇ ತಪ್ಪಿತು.

ಹಾಗಾದರೆ ಇಲಿಯನ್ನು ಬಿಟ್ಟು ಗಾಜಿನ ಬಟ್ಟಲಲ್ಲಿಯೇ ಬೆಳೆಸಬಾರದೇಕೆ ಎಂದು ಭಕ್ತಾದಿಗಳು ಕೇಳಬಹುದು. ನಾನೂ ಕೇಳಿದೆ. ಬಂದ ಉತ್ತರ ನನ್ನ ಮನಸ್ಸನ್ನು ಕಲಕಿತು. ಬಟ್ಟಲಲ್ಲಿ ಕೋಶಗಳಿಗೆ ಉಣಿಸುವ ದ್ರವದಲ್ಲಿ ಬಹುಕಾಲದಿಂದ ಬೆರೆಸುತ್ತ ಬಂದಿರುವ ಸೀರಮ್ ಎಂಬುದನ್ನು, ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ತೆಗೆಯುತ್ತಾರೆ. ಹಿಂಸೆಯಿಲ್ಲವೆಂದು ನಾವು ಕಣ್ಣಿಟ್ಟ ಬಟ್ಟಲಿನಲ್ಲಿ ಹುಟ್ಟದ ಕರು ಕುಳಿತಿದೆ! ಆದರೆ ಇದೇ ಸೀರಮ್ಮಿನ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಅದರಲ್ಲಿ ಬೆಳೆದ ಗೆಡ್ಡೆಯ ಕೋಶಗಳು ತಮ್ಮ ಸ್ವಭಾವವನ್ನೇ ಕಳೆದುಕೊಳ್ಳುತ್ತವೆಂದೂ, ಸೀರಮ್ಮಿಲ್ಲದ ದ್ರವದಲ್ಲಿ ಬೆಳೆಸಿದವು ಇಲಿಯ ಮಿದುಳಿನಲ್ಲಿ ಮೂಲರೋಗದಂತೆಯೇ ಚದುರಿ ಹರಡುತ್ತವೆಂದೂ 2006ರಲ್ಲಿ ಅಮೆರಿಕೆಯ ಸಂಶೋಧಕರು ತೋರಿಸಿದರು. ಸತ್ಯವನ್ನು ಬಯಸಿ ಹೊರಟವರಿಗೆ ಕರುವಿನ ರಕ್ತ ಬೇಡವಾಯಿತು. ದಯೆಯಿಂದ ಹೊರಟಿದ್ದರೂ ಅಲ್ಲಿಗೇ ತಲಪುತ್ತಿದ್ದರು. ಎಲ್ಲ ಕಡೆಯೂ ಹೀಗೆ ಎರಡೂ ಕೂಡಿ ಬರುತ್ತವೆಂದು ಹೇಳುವ ಧೈರ್ಯ ನನಗಿಲ್ಲ.

ಈಚೆಗೆ ಮನುಷ್ಯನ ಆಕರಕೋಶಗಳಿಂದ ಬಟಾಣಿಕಾಳಿನಷ್ಟು ಮಿದುಳಿನ ಅಂಗಾಂಶವನ್ನು ಬೆಳೆಸುವ ವಿಧಾನ ಬಂದಿದೆ. 2013ರಲ್ಲಿ ವಿಯೆನ್ನಾದಲ್ಲಿ ಇದು ಸಾಧ್ಯವಾಯಿತು. ಅದರಲ್ಲಿ ಗೆಡ್ಡೆಯ ಕೋಶಗಳನ್ನು ಬಿಟ್ಟು ಅವು ಒಳನುಗ್ಗುವುದನ್ನು ಕಾಣುತ್ತಾರೆ. ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮಿದುಳಿನ ತುಣುಕನ್ನು ರೋಗಿಯ ಒಪ್ಪಿಗೆ ಪಡೆದು ಕೆಲವು ದಿನ ಜೀವಂತವಾಗಿಟ್ಟು ನೋಡುವುದೂ ಉಂಟು. ಇಲಿಯ ಮಿದುಳಿನಲ್ಲಿ ಬಿಳಿಯ ನರತಂತುಗಳ ಭಾಗ ಬಹಳ ಕಡಿಮೆ, ಮನುಷ್ಯನಲ್ಲಿ ಅದು ಸುಮಾರು ಅರ್ಧದಷ್ಟು. ಆದುದರಿಂದ ಹರಡುವಿಕೆಯ ಮಟ್ಟಿಗೆ ಈ ತುಣುಕೇ ಹೆಚ್ಚು ಸಾಚಾ ಕುರುಹು. ಆದರೆ ಇವುಗಳಲ್ಲಿ ಹರಿಯುವ ರಕ್ತವಿಲ್ಲ, ಇಡೀ ದೇಹವಿಲ್ಲ. ಔಷಧವೊಂದು ಬಾಯಿಯಿಂದ ಮಿದುಳಿನವರೆಗೆ ತಲಪುವುದೋ ಇಲ್ಲವೋ ಎಂಬುದನ್ನು ತುಣುಕು ಹೇಳಲಾರದು. ಅಲ್ಲಿ ಮತ್ತೆ ಇಲಿಯೇ ಬರುತ್ತದೆ.

ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯಿದೆ, ಸಾಧ್ಯವಿದ್ದಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆನ್ನುತ್ತದೆ. ದೊಡ್ಡ ಪ್ರಾಣಿಯ ಬದಲು ಇಲಿ, ಮೊಲ, ಕಪ್ಪೆಗಳು ಸಾಕಾಗುವುದಾದರೆ ಅವನ್ನೇ ಬಳಸಬೇಕೆಂದೂ ಹೇಳುತ್ತದೆ. ಮೊದಲಿನ ಮಾತು ಸರ್ವಥಾ ಒಪ್ಪತಕ್ಕದ್ದು. ಎರಡನೆಯದು ವ್ಯವಹಾರಕ್ಕೆ ಅನುಕೂಲವಿರಬಹುದು. ಆದರೆ ಗಾತ್ರಕ್ಕೆ ತಕ್ಕಂತೆ ಜೀವದ ಬೆಲೆಯನ್ನು ಕಟ್ಟುವುದನ್ನು ಶರಣರು ಒಪ್ಪುತ್ತಿದ್ದರೆಂದು ನನಗೆ ತೋರುವುದಿಲ್ಲ. ಹಾಗೆಂದು, ನಾವು ಸಸ್ಯಾಹಾರಿಗಳೆಂಬ ಅಭಿಮಾನದಿಂದ ಸಂಶೋಧಕರತ್ತ ಬೆರಳು ತೋರುವುದೂ ಸಲ್ಲದು. ನಾವು ನುಂಗುವ ಗುಳಿಗೆಗಳ ಹಿಂದೆಯೂ ಇಂಥ ಇಲಿಗಳಿವೆ. ನಮ್ಮ ಮನೆಯ ಮಗುವಿಗೆ ಈ ಗೆಡ್ಡೆಯಾದರೆ ವೈದ್ಯರ ಬಾಗಿಲಲ್ಲಿ ನಿಂತು ಇಲಿಯ ಮಾತನ್ನೆತ್ತುವವರು ನಮ್ಮಲ್ಲಿ ಯಾರಿದ್ದಾರೆ?

ನಾನು ಆ ಯುವಕರಿಗೆ ಬರೆದದ್ದು ಇಷ್ಟು: ಕೋಶ ಯಾರದೆಂದು ಪರೀಕ್ಷಿಸದೆ, ತುಣುಕಿನಲ್ಲಿ ತಿಳಿಯಬಹುದಾದುದನ್ನು ಅಲ್ಲಿ ತಿಳಿಯದೆ, ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಾಗಿ ಇಲಿಯನ್ನು ಮುಟ್ಟಿದರೆ ಅದು ಕೊಲೆಯೇ. ಇವೆಲ್ಲವನ್ನೂ ದಾಟಿ ಬಂದ ಮೇಲೆ ಮಾಡುವುದನ್ನು ಕಾಯಕವೆನ್ನಲು ನನ್ನ ನಾಲಿಗೆ ಹಿಂಜರಿಯುತ್ತದೆ, ಕೊಲೆಯೆನ್ನಲೂ ಏಳುವುದಿಲ್ಲ, ಅದೊಂದು ಋಣ. ಕಳೆದ ತಿಂಗಳು ಅವರಿಂದ ಪತ್ರ ಬಂದಿದೆ. ಈಗ ಬಹುಪಾಲು ಕೆಲಸವನ್ನು ತುಣುಕುಗಳಲ್ಲಿಯೇ ಮಾಡುತ್ತಿದ್ದಾರೆ. ಅನಿವಾರ್ಯವಾದಲ್ಲಿ ಇಲಿಗೆ ಅರಿವಳಿಕೆ ಕೊಟ್ಟು ಕೊನೆಗಾಣಿಸುವ ಕೆಲಸವನ್ನು ಮೊದಲು ಸಹಾಯಕರಿಗೆ ಬಿಡುತ್ತಿದ್ದರಂತೆ. ಈಗ ತಾವೇ ಮಾಡುತ್ತಿರುವುದಾಗಿ ಬರೆದಿದ್ದಾರೆ.