ಕೇಳುವ ದೂರ

ಇರುವುದರಲ್ಲಿಯೇ ತೃಪ್ತನಾಗಿರಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ತರಗತಿಯಲ್ಲಿ ನಾನೂ ಅದನ್ನೇ ಹೇಳುತ್ತೇನೆ; ತಿಂಗಳ ಕೊನೆಯಲ್ಲಿ ಸ್ವಲ್ಪ ಹೆಚ್ಚು ನಂಬಿಕೆಯಿಂದಲೇ ಹೇಳುತ್ತೇನೆ. ಆದರೆ ಈ ತೃಪ್ತಿ ಎಂಬುದು ಎಲ್ಲಿಯವರೆಗೆ ಗುಣ, ಎಲ್ಲಿಂದ ದೋಷ ಎಂಬ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ. ನನ್ನ ಮೇಜಿನ ಮೇಲಿರುವ ಒಂದು ಜೊತೆ ಪುಟ್ಟ ಸ್ಪೀಕರುಗಳು.

2020ರಲ್ಲಿ ಕಾಲೇಜುಗಳು ಮುಚ್ಚಿ, ಪಾಠವೆಲ್ಲ ಮನೆಯಿಂದಲೇ ನಡೆಯಬೇಕಾಗಿ ಬಂದಾಗ, ಕಂಪ್ಯೂಟರಿನ ಜೊತೆಗೆ ಅವೂ ನಮ್ಮ ಮನೆಗೆ ಬಂದವು. ಬೆಲೆ 700 ರೂಪಾಯಿ. ಪಾಠಕ್ಕೆ ಅವು ಧಾರಾಳವಾಗಿ ಸಾಕಾಗಿದ್ದವು. ಮುಂದೊಂದು ದಿನ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಅವುಗಳಲ್ಲಿ ಕೇಳಲು ಹೊರಟಾಗ ತೊಂದರೆ ಹುಟ್ಟಿತು. ವೀಣೆ ತಗಡಿನ ಡಬ್ಬದೊಳಗೆ ಕುಳಿತು ನುಡಿಯುವಂತಿತ್ತು. ಮೀಟು ಕೇಳುತ್ತಿತ್ತು, ಮೀಟಿದ ಮೇಲೆ ತಂತಿಯಲ್ಲಿ ಉಳಿದು ಮೆಲ್ಲಗೆ ಕರಗುವ ನಾದ ಕೇಳುತ್ತಿರಲಿಲ್ಲ. ಧ್ವನಿಯನ್ನು ಏರಿಸಿದೆ. ವೀಣೆ ಹತ್ತಿರ ಬರಲಿಲ್ಲ, ಡಬ್ಬ ದೊಡ್ಡದಾಯಿತು. ನಮ್ಮದು ರಾಜಾಜಿನಗರದ ಇಪ್ಪತ್ತು ಮೂವತ್ತರ ನಿವೇಶನದ ಮನೆ. ಪಕ್ಕದ ಮನೆಯ ಗೋಡೆ ನಮ್ಮ ಗೋಡೆಗೆ ಅಂಟಿಕೊಂಡೇ ನಿಂತಿದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಮಿತಿ ಹಾಕಿವೆ. ನಿಯಮ ನೆನಪಿಗೆ ಬರುವ ಮೊದಲೇ ಪಕ್ಕದ ಮನೆಯವರ ಕೆಮ್ಮು ಕೇಳಿಸಿತು. ಧ್ವನಿ ಇಳಿಸಿದೆ.

ಮರುವಾರ ಮಹಾಕವಿ ಕುವೆಂಪು ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರಸ್ತೆಗೆ ಹೋದೆ. ಅಂಗಡಿಯವನು ಮರದ ಪೆಟ್ಟಿಗೆಯ ಒಂದು ಜೊತೆ ತೋರಿಸಿ, ಅದರ ಸದ್ದಿನಿಂದ ನನ್ನ ಎದೆಯನ್ನೇ ನಡುಗಿಸಿದ. ಬೆಲೆ 9,000. “ಒಂದು ಸಲ ತಗೊಂಡ್ರೆ ಮತ್ತೆ ಯೋಚನೆ ಇಲ್ಲ ಸಾರ್” ಎಂದ. ಆ ಮಾತು ನನಗೆ ವೇದಾಂತದಂತೆಯೇ ಕೇಳಿಸಿತು. ಮೂರು ತಿಂಗಳು ಹಣ ಕೂಡಿಡುವುದೆಂದು ನಿಶ್ಚಯಿಸಿ ಹಿಂದಿರುಗಿದೆ.

ನನ್ನನ್ನು ತಡೆದವರು ಭೌತಶಾಸ್ತ್ರ ಹೇಳುವ ನನ್ನ ಸಹೋದ್ಯೋಗಿ. ಒಂದು ಭಾನುವಾರ ಕಾಫಿಗೆ ಬಂದವರು ನನ್ನ ಮೇಜನ್ನು ನೋಡಿ ನಕ್ಕರು. ಒಂದು ಸ್ಪೀಕರು ಮಾನಿಟರಿನ ಹಿಂದೆ ಅಡಗಿತ್ತು. ಇನ್ನೊಂದು ಪಕ್ಕದ ಬೀರುವಿನ ಮೇಲೆ ಕಿಟಕಿಗೆ ಮುಖ ಮಾಡಿ ಕುಳಿತಿತ್ತು. “ನೀವು ಕೇಳುತ್ತಿರುವುದು ವೀಣೆಯನ್ನಲ್ಲ, ಗೋಡೆಯನ್ನು” ಎಂದರು. ಎರಡನ್ನೂ ಮೇಜಿನ ಮುಂಚೂಣಿಗೆ ತಂದರು. ಅವುಗಳ ನಡುವೆ ಎಷ್ಟು ಅಂತರವೋ, ಒಂದೊಂದರಿಂದ ನನ್ನ ತಲೆಗೂ ಅಷ್ಟೇ ಅಂತರವಿರುವಂತೆ ಇಟ್ಟು, ಮುಖವನ್ನು ನನ್ನ ಕಿವಿಗಳತ್ತ ತಿರುಗಿಸಿದರು. ಕಿವಿಯ ಮಟ್ಟಕ್ಕೆ ಎತ್ತರಿಸಲು ಏನಾದರೂ ಬೇಕಿತ್ತು. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಲ್ಲಿ ನಾಲ್ಕು ಆ ಸೇವೆಗೆ ಸಂದವು. ಸದ್ದು ಮೇಜಿನ ಹಲಗೆಗೆ ಬಡಿದು ಹಿಂದಿರುಗದಂತೆ ಒಂದು ದಪ್ಪ ಟವೆಲು ಹಾಸಿದರು. ಕಂಪ್ಯೂಟರಿನಲ್ಲಿ ನಾನು ಮಂದ್ರವನ್ನು ಕೊನೆಯವರೆಗೆ ಏರಿಸಿಟ್ಟಿದ್ದೆ, ಅದನ್ನು ಇಳಿಸಿದರು. ಅಂಗೈಯಗಲದ ಡಬ್ಬ ಕೊಡಲಾರದ್ದನ್ನು ಕೊಡು ಎಂದು ಪೀಡಿಸಿದರೆ, ಅದು ಕೊಡಬಲ್ಲದ್ದನ್ನೂ ಕೆಡಿಸಿಬಿಡುತ್ತದಂತೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಕಡೆಯದಾಗಿ ನನ್ನ ಕುರ್ಚಿಯನ್ನೇ ಮುಂದಕ್ಕೆಳೆದರು.

“ಬಯಲಿನಲ್ಲಾದರೆ ದೂರ ಅರ್ಧವಾದಾಗ ಆರು ಡೆಸಿಬೆಲ್ ಲಾಭ. ಅಂದರೆ ಯಂತ್ರದ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಂತೆ. ಕೋಣೆಯಲ್ಲಿ ಗೋಡೆಗಳಿರುವುದರಿಂದ ಸ್ವಲ್ಪ ಕಡಿಮೆ. ಇದಕ್ಕೆ ನಿಮಗೆ ಆದ ಖರ್ಚೆಷ್ಟು?” ಎಂದರು. ಖರ್ಚು ಒಂದು ಲೋಟ ಕಾಫಿ.

ವೀಣೆ ಹಾಕಿದೆವು. ಆ 700 ರೂಪಾಯಿಯ ಡಬ್ಬಗಳು ಗಂಧರ್ವಲೋಕವನ್ನೇ ತೆರೆದವೆಂದು ಹೇಳಲಾರೆ. ಆದರೆ ಮೀಟಿನ ಹಿಂದಿದ್ದ ನಾದ ಕೇಳಿಸಿತು. ಅದು ಸಣ್ಣದಾಗುತ್ತ ಹೋಗಿ ಮುಂದಿನ ಮೀಟಿನಲ್ಲಿ ಸೇರಿಕೊಂಡದ್ದೂ ಕೇಳಿಸಿತು. ನಾನು ಹಿಗ್ಗಿಹೋದೆ. ಇರುವುದರಲ್ಲೇ ತೃಪ್ತಿ ಎಂದರೆ ಇದೇ ಅಲ್ಲವೆ ಎಂದುಕೊಂಡೆ.

ಆಗ ನಮ್ಮ ತಂದೆಯವರು ಬಾಗಿಲಲ್ಲಿ ಬಂದು ನಿಂತರು. ಅವರಿಗೆ 76 ವರ್ಷ. ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಮಧ್ಯೆ ದುಡಿದವರು. “ಏನು ಹಾಕಿದ್ದೀಯೋ?” ಎಂದರು.

“ವೀಣೆ.”

“ಏನು?”

“ವೀಣೆ ಅಪ್ಪಾ, ವೀಣೆ!”

“ಮೀನೇ? ಎಲ್ಲಿ?”

ಮಕ್ಕಳು ಗೊಳ್ಳೆಂದು ನಕ್ಕರು. ನಾನು, “ಏನಿಲ್ಲ ಬಿಡಪ್ಪ” ಎಂದೆ. ಅವರೂ ಸ್ವಲ್ಪ ನಕ್ಕು, ಒಳಗೆ ಹೋದರು.

ಆ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. “ಏನಿಲ್ಲ ಬಿಡಪ್ಪ” ಎಂಬ ಮಾತನ್ನು ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಆಡುತ್ತೇವೆಂದು ಲೆಕ್ಕ ಹಾಕತೊಡಗಿದೆ. ಊಟದ ಹೊತ್ತಿನಲ್ಲಿ ಎಲ್ಲರೂ ನಗುವಾಗ, ಏಕೆ ನಗುತ್ತೀರೆಂದು ಅವರು ಕೇಳಿದರೆ, ಏನಿಲ್ಲ ಬಿಡಪ್ಪ. ದೂರವಾಣಿಯಲ್ಲಿ ಯಾರೆಂದರೆ, ಏನಿಲ್ಲ ಬಿಡಪ್ಪ. ಒರಟು ಮಾತೇನೂ ಅಲ್ಲ. ಆದರೆ ದಿನವೂ ಕೇಳುವವನಿಗೆ ಅದರ ಅರ್ಥ ಒಂದೇ: ಈ ಮನೆಯಲ್ಲಿ ನಡೆಯುವುದರಲ್ಲಿ ನಿನಗೆ ಪಾಲಿಲ್ಲ. ಕಿವಿಯ ಪರೀಕ್ಷೆ ಮಾಡಿಸೋಣವೆಂದು ನನ್ನ ಹೆಂಡತಿ ಎರಡು ವರ್ಷದಿಂದ ಹೇಳುತ್ತಿದ್ದಳು. “ವಯಸ್ಸಾಯಿತಲ್ಲ, ಇಷ್ಟು ಕೇಳಿದರೆ ಸಾಕು” ಎಂದು ನಾನೇ ತಳ್ಳಿಹಾಕಿದ್ದೆ. ಸಾಕು ಎಂದವನು ನಾನು, ಕೇಳದಿದ್ದವರು ಅವರು.

ಕೊನೆಗೂ ಪರೀಕ್ಷೆಯಾಯಿತು. ಅದನ್ನು ಮಾಡಿದ ತಜ್ಞೆ ಹೇಳಿದ್ದು ಕನ್ನಡದ ಮೇಷ್ಟರಾದ ನನಗೆ ನಾಚಿಕೆ ತರುವ ಪಾಠ. ವಯಸ್ಸಿನಿಂದಲೂ ಯಂತ್ರಗಳ ಸದ್ದಿನಿಂದಲೂ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚು ಕಂಪನಾಂಕದ ಸಣ್ಣ ದನಿಗಳನ್ನಂತೆ. ಮಾತಿನಲ್ಲಿ ಅವು ಇರುವುದು ವ್ಯಂಜನಗಳಲ್ಲಿ. ಸ್ವರಗಳು ಉಳಿಯುತ್ತವೆ, ವ್ಯಂಜನಗಳು ಹೋಗುತ್ತವೆ. ಸಾಲು, ಹಾಲು, ಕಾಲು ಮೂರೂ ಒಂದೇ ಆಗುತ್ತವೆ. ಮಾತು ಇದೆಯೆಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ದೇಹವೇ ವಾದ್ಯ, ನಾಲಗೆಯೇ ಅದನ್ನು ನುಡಿಸುವ ಕೋಲು ಎಂದು 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳಿದ್ದನ್ನು ನಾನು ಇಪ್ಪತ್ತು ವರ್ಷದಿಂದ ಬೋಧಿಸುತ್ತಿದ್ದೇನೆ. ನುಡಿಸಿದ್ದು ತಲುಪಿತೇ ಎಂದು ಯೋಚಿಸಿರಲಿಲ್ಲ.

“ಕೂಗಬೇಡಿ. ಕೂಗಿದರೆ ಸ್ವರಗಳೇ ದೊಡ್ಡದಾಗುತ್ತವೆ, ವ್ಯಂಜನಗಳು ಅಷ್ಟಾಗಿ ಹೆಚ್ಚುವುದಿಲ್ಲ. ಹತ್ತಿರ ಬನ್ನಿ. ಅವರಿಗೆ ಎದುರಾಗಿ, ಬೆಳಕಿನಲ್ಲಿ ಕುಳಿತು ಮಾತಾಡಿ. ಟಿ.ವಿ. ಆರಿಸಿ” ಎಂದರು ಆಕೆ. ಎಲ್ಲೋ ಕೇಳಿದಂತಿದೆಯಲ್ಲ ಎನ್ನಿಸಿತು. ಭಾನುವಾರ ನನ್ನ ಸ್ನೇಹಿತರು ಎರಡು ಡಬ್ಬಗಳಿಗೆ ಮಾಡಿದ ಉಪಚಾರವೇ ಇದು. ಸ್ಪೀಕರುಗಳನ್ನು ಅಂಗುಲ ಅಂಗುಲವಾಗಿ ಸರಿಸುತ್ತ ನಾನು ಸಂಜೆಗಳನ್ನು ಕಳೆದಿದ್ದೆ. ತಂದೆಯವರೊಡನೆ ಮಾತ್ರ ಅಡಿಗೆಮನೆಯಿಂದ ಕೂಗಿ ಮಾತಾಡುತ್ತಿದ್ದೆ.

ಆದರೆ ಹೋಲಿಕೆ ಇಲ್ಲಿಗೇ ನಿಲ್ಲುತ್ತದೆ. ಇದನ್ನು ಒತ್ತಿ ಹೇಳಬೇಕು. ನಿಘಂಟಿನ ಸಂಪುಟವನ್ನು ಸ್ಪೀಕರಿನ ಕೆಳಗಿಡಬಹುದು, ಕಿವಿಯ ಕೆಳಗಿಡಲಾಗದು. ಅವರಿಗೆ ಶ್ರವಣಯಂತ್ರ ಬೇಕೇ ಬೇಕಾಗಿತ್ತು. ನನ್ನ 9,000 ಅದರ ಮೂರನೆಯ ಒಂದು ಪಾಲಿಗೂ ಸಾಲಲಿಲ್ಲ. ಉಳಿದದ್ದು ಕಂತಿನ ಲೆಕ್ಕಕ್ಕೆ ಹೋಯಿತು. ಅಂದಿನಿಂದ ತೃಪ್ತಿಯ ವಿಷಯದಲ್ಲಿ ನನಗೆ ಒಂದು ಎಚ್ಚರ ಬಂದಿದೆ. ನನ್ನ ಸುಖಕ್ಕೆ ನಾನು ಹಾಕಿಕೊಳ್ಳುವ ಮಿತಿ ತೃಪ್ತಿ. ಇನ್ನೊಬ್ಬರ ಅಗತ್ಯಕ್ಕೆ ನಾನು ಹಾಕುವ ಮಿತಿಗೆ ಬೇರೆ ಹೆಸರಿದೆ. ಅದನ್ನು ಜಿಪುಣತನವೆಂದರೂ ಕಡಿಮೆಯೇ. ಎರಡಕ್ಕೂ “ಸಾಕು” ಎಂಬ ಒಂದೇ ಮಾತನ್ನು ಬಳಸುವುದರಿಂದ ನಾವು ಮೋಸಹೋಗುತ್ತೇವೆ.

ಕನ್ನಡದಲ್ಲಿ “ಕೇಳು” ಎಂಬ ಧಾತುವಿಗೆ ಆಲಿಸು ಎಂಬ ಅರ್ಥವೂ ಉಂಟು, ಪ್ರಶ್ನಿಸು ಎಂಬ ಅರ್ಥವೂ ಉಂಟು. ಪಾಠ ಹೇಳುವಾಗ ಇದನ್ನು ಭಾಷೆಯ ಒಂದು ಸ್ವಾರಸ್ಯವೆಂದು ಹೇಳಿ ಮುಂದೆ ಹೋಗುತ್ತಿದ್ದೆ. ನಿನಗೆ ಎಷ್ಟು ಕೇಳುತ್ತದೆ ಎಂದು ತಂದೆಯವರನ್ನು ನಾನು ಎಂದೂ ಕೇಳಿರಲಿಲ್ಲ. ಆದ್ದರಿಂದ ಅವರ ಮೌನವೂ ನನಗೆ ಕೇಳಿರಲಿಲ್ಲ.

ಶ್ರವಣಯಂತ್ರ ಬಂದು ನಾಲ್ಕು ತಿಂಗಳಾಯಿತು. ಎಲ್ಲವೂ ನೇರವಾಯಿತೆಂದಲ್ಲ. ಪಾತ್ರೆಯ ಸದ್ದು ಚುಚ್ಚುತ್ತದೆಂದು ಒಮ್ಮೊಮ್ಮೆ ಅದನ್ನು ತೆಗೆದಿಡುತ್ತಾರೆ. “ಏನಿಲ್ಲ ಬಿಡಪ್ಪ” ಇನ್ನೂ ನನ್ನ ಬಾಯಿಗೆ ಬರುತ್ತದೆ. ಅರ್ಧಕ್ಕೆ ನುಂಗಿಕೊಂಡು, ಎದ್ದು ಹತ್ತಿರ ಹೋಗುತ್ತೇನೆ. ಯಂತ್ರದ ಮೂಲಕ ವೀಣೆ ತಗಡಿನಂತೆ ಕೇಳುತ್ತದೆಂಬುದು ಅವರ ದೂರು. ಆದ್ದರಿಂದ ಭಾನುವಾರ ಸಂಜೆ ಅದನ್ನು ಮೇಜಿನ ಮೇಲಿಟ್ಟು, ನನ್ನ ಕುರ್ಚಿಯಲ್ಲಿ ಮುಂದೆ ಬಾಗಿ, ನಿಘಂಟಿನ ಮೇಲಿನ ಸ್ಪೀಕರಿಗೆ ಗೇಣುದ್ದದಲ್ಲಿ ಕಿವಿಯಿಟ್ಟು ಕೂರುತ್ತಾರೆ. ಕಳೆದ ವಾರ ಹಾಗೆ ಕುಳಿತವರು ನನ್ನತ್ತ ತಿರುಗಿ, “ಈ ಮೀನು ಚೆನ್ನಾಗಿದೆ ಕಣೋ” ಎಂದರು.

ಅಂದಿನ ಮಾತು ಅವರಿಗೆ ನೆನಪಿರಬಹುದೆಂದು ನಾನು ಎಣಿಸಿಯೇ ಇರಲಿಲ್ಲ.